ಮೂರು ತಿಂಗಳಲ್ಲಿ ಮುಗಿಯುವ ಕ್ಯಾಂಪೇನ್‌ಗೆ ಯಾವ ನಿಯಮಾವಳಿ ಒಳ್ಳೆಯದು?

ಐದು ಜನ ಗೆಳೆಯರು ಪಾತ್ರಗಳಾಗಿ ಕೂತು ಕತೆ ಕಟ್ಟುವ ಆಟ (ರೋಲ್‌ಪ್ಲೇಯಿಂಗ್ ಗೇಮ್), ವಾರಕ್ಕೊಮ್ಮೆ ಮೂರು ಗಂಟೆ, ಹನ್ನೆರಡು ಸೆಷನ್‌ಗಳಲ್ಲಿ ಇಡೀ ಕ್ಯಾಂಪೇನ್, ಅಂದರೆ ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯುವ ಕತೆ, ಮುಗಿಯಬೇಕು; ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆದೀತೇ ಎಂದು ಕೇಳಿದ್ದೀರಿ. ಆದೀತು. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ ಇನ್ನೊಂದು ಆಟವನ್ನು ಆರಿಸುತ್ತೇನೆ.

ಹೊಸ ನಿಯಮಪುಸ್ತಕ ಕೈಗೆ ಬಂದರೆ ನಾನು ಮೊದಲು ಓದುವುದು ಪಾತ್ರಗಳು ಬೆಳೆಯುವ ಅಧ್ಯಾಯವನ್ನು. ಲೋಕವರ್ಣನೆ, ಚಿತ್ರಗಳೆಲ್ಲ ಆಮೇಲೆ. ಪಾತ್ರ ಎಷ್ಟು ಬೇಗ ಬಲಿಯುತ್ತದೆ, ಏನು ಖಾಲಿಯಾದಾಗ ಆಟದಿಂದ ಹೊರಬೀಳುತ್ತದೆ ಎಂಬುದರಲ್ಲೇ ಆ ಆಟದ ಆಯಸ್ಸು ಗೊತ್ತಾಗುತ್ತದೆ. ಫಿಯಾಸ್ಕೊ ಎಂಬ ಆಟದಲ್ಲಿ ಒಬ್ಬೊಬ್ಬರಿಗೆ ನಾಲ್ಕೇ ದೃಶ್ಯಗಳು, ಒಂದೇ ಸಂಜೆಗೆ ಆಟ ಮುಗಿಯುತ್ತದೆ. ಪೆಂಡ್ರಾಗನ್ ಎಂಬ ಆಟದಲ್ಲಿ ಸಾಮಾನ್ಯವಾಗಿ ಒಂದು ಸಾಹಸಕ್ಕೆ ಕತೆಯೊಳಗಿನ ಒಂದು ವರ್ಷ ಕಳೆಯುತ್ತದೆ; ನಿಮ್ಮ ಪಾತ್ರವಾದ ನೈಟ್ (ಕುದುರೆಯೇರಿದ ವೀರ) ಮದುವೆಯಾಗಿ, ಮುದಿಯಾಗಿ, ಕೊನೆಗೆ ಅವನ ಮಗನನ್ನು ನೀವು ಆಡಬೇಕು. ಮೂರು ತಿಂಗಳಿಗೆ ಅದನ್ನು ಎತ್ತಿಕೊಳ್ಳುವುದು ಕತ್ತರಿಸಿದ ಮಹಾಭಾರತವನ್ನು ಕೇಳಿದಂತೆ.

ಬ್ಲೇಡ್ಸ್‌ನಲ್ಲಿ ನೀವು ದೆವ್ವಗಳು ತುಂಬಿದ ಊರಿನ ಒಂದು ಕಳ್ಳರ ಗುಂಪು. ಗಂಟೆಗಟ್ಟಲೆ ಸಂಚು ಹೂಡುತ್ತ ಕೂರುವಂತಿಲ್ಲ: ನೇರವಾಗಿ ಕನ್ನ ಹಾಕುವ ಗಳಿಗೆಗೆ ಹೋಗಿ, ಬೇಕಾದ ಸಿದ್ಧತೆಯನ್ನು ಹಿನ್ನೋಟದಲ್ಲಿ ತೋರಿಸುತ್ತೀರಿ. ಅದಕ್ಕೂ, ಕೆಟ್ಟ ಪರಿಣಾಮವನ್ನು ತಡೆದುಕೊಳ್ಳುವುದಕ್ಕೂ ಹೆಚ್ಚಾಗಿ ಸ್ಟ್ರೆಸ್, ಅಂದರೆ ಪಾತ್ರದ ಒತ್ತಡದ ಅಂಕ, ತೆರಬೇಕಾಗುತ್ತದೆ. ಸ್ಟ್ರೆಸ್‌ಗೆ ಇರುವುದು ಒಂಬತ್ತು ಚೌಕ. ತುಂಬಿದರೆ ಒಂದು ಟ್ರಾಮಾ (ಮನಸ್ಸಿಗೆ ಬಿದ್ದ ಶಾಶ್ವತ ಗಾಯ), ನಾಲ್ಕನೆಯ ಟ್ರಾಮಾ ಬಂದ ದಿನ ಪಾತ್ರದ ಕಳ್ಳತನದ ಬದುಕು ಮುಗಿಯಿತು. ಇನ್ನೊಂದೆಡೆ ಪಾತ್ರಗಳ ಜೊತೆಗೆ ಗುಂಪಿಗೂ ವಿವರ ಬರೆದಿಡುವ ತನ್ನದೇ ಹಾಳೆ ಇದೆ, ಅದೂ ಬೆಳೆಯುತ್ತದೆ, ಶತ್ರುಗಳನ್ನೂ ಸಂಪಾದಿಸುತ್ತದೆ. ಹತ್ತು ಹನ್ನೆರಡು ಸೆಷನ್‌ಗಳಲ್ಲಿ ಒಬ್ಬಿಬ್ಬರು ಸವೆದು, ಗುಂಪು ಮೇಲೇರಿ, ಅಂತ್ಯ ತಾನಾಗಿಯೇ ಹತ್ತಿರವಾಗುತ್ತದೆ. ಆಟ ನಡೆಸಿಕೊಡುವ ಗೇಮ್ ಮಾಸ್ಟರ್ ಅದನ್ನು ಎಳೆದು ತರಬೇಕಿಲ್ಲ.

ಕತ್ತಿ, ಮಂತ್ರ, ಡ್ರ್ಯಾಗನ್ ಬೇಕೇ ಬೇಕು ಎನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ, ಅವರ ಹಟವೇ ಗೆಲ್ಲುವುದೂ ಉಂಟು! ಹಾಗಾದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೇ ಆಡಿ, ಆದರೆ ಪಾತ್ರದ ಬಲ ಹೆಚ್ಚಿಸುವ 20 ಲೆವೆಲ್‌ಗಳ ಏಣಿಯನ್ನು ಪೂರ್ತಿ ಹತ್ತುವ ಆಸೆ ಬಿಡಿ. ಮೂರನೆಯ ಲೆವೆಲ್‌ನಿಂದ ಶುರುಮಾಡಿ. ಯೋಧನಿಗೆ ಒಂದೇ ಸರದಿಯಲ್ಲಿ ಎರಡನೆಯ ಹೊಡೆತ, ಮಾಂತ್ರಿಕನಿಗೆ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಸಿಗುವುದು ಐದರಲ್ಲಿ. ಅಲ್ಲಿಂದಲೇ ಆಟಕ್ಕೆ ಕಳೆ. ಕೊಂದ ಗಾಬ್ಲಿನ್‌ಗಳ (ಪುಟ್ಟ ರಾಕ್ಷಸರ) ಅಂಕ ಕೂಡಿಸುತ್ತ ಕೂರಬೇಡಿ, ಎರಡು ಸೆಷನ್‌ಗೊಂದು ಲೆವೆಲ್ ಕೊಟ್ಟುಬಿಡಿ. ಏಳೆಂಟರ ಹೊತ್ತಿಗೆ ಕೊನೆಯ ಕಾಳಗ ಇಟ್ಟುಕೊಳ್ಳಿ, ಅದಕ್ಕೆ ಒಂದು ಪೂರ್ತಿ ಸಂಜೆ ಮೀಸಲಿಡಿ. ದೊಡ್ಡ ಕಾಳಗಕ್ಕೆ ಮೂರು ಗಂಟೆ ಹೆಚ್ಚೇನಲ್ಲ.

ಐವರೂ ಪ್ರತಿ ವಾರ ಬರುವುದು ಖಚಿತವೇ ಎಂದು ಮೊದಲೇ ಕೇಳಿಕೊಳ್ಳಿ. ಬ್ಲೇಡ್ಸ್‌ನಲ್ಲಿ ಒಂದು ಕಳ್ಳತನ ಬಹುಮಟ್ಟಿಗೆ ಒಂದು ಸೆಷನ್‌ಗೆ ಮುಗಿಯುವುದರಿಂದ ಒಬ್ಬರು ತಪ್ಪಿಸಿಕೊಂಡರೂ ತೊಂದರೆಯಿಲ್ಲ. ಗುಹೆಯ ನಡುವೆ ನಿಂತುಹೋದ ಡ್ರ್ಯಾಗನ್ ಬೇಟೆಯಲ್ಲಿ ಹಾಗಲ್ಲ: ಬಾರದವರ ಪಾತ್ರವನ್ನು ಆ ವಾರ ಯಾರು ಆಡಿಸಬೇಕೆಂಬುದನ್ನು ಮೊದಲ ದಿನವೇ ತೀರ್ಮಾನಿಸಿ.