ಮೆಟಲ್ಲೋ ಅಲೈನರೋ ಅನ್ನುವ ಮೊದಲು ರಿಟೇನರ್ ಬಗ್ಗೆ ಕೇಳಿ

13 ವರ್ಷದ ಮಗಳ ಹಲ್ಲು ಸಾಲಾಗಿಸಲು ಮೆಟಲ್ ಕ್ಲಿಪ್, ಸೆರಾಮಿಕ್ ಕ್ಲಿಪ್, ತೆಗೆದು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚಾದ ಅಲೈನರ್ ಇವುಗಳಲ್ಲಿ ಯಾವುದು ಹಾಕಿಸಲಿ ಎಂದು ಕೇಳಿದ್ದೀರಿ. ನನಗೂ ಅದೇ ವಯಸ್ಸಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿದ್ದರು. ಜಾಗ ಸಾಲದೆಂದು ಕೋರೆಹಲ್ಲಿನ ಹಿಂದಿನ ನಾಲ್ಕು ಹಲ್ಲು ಕೀಳಿಸಿ, 22 ತಿಂಗಳು ತಂತಿ ಕಟ್ಟಿಸಿಕೊಂಡು ಓಡಾಡಿದೆ. ಸಾಲಾಗಿ ನಿಂತ ಹಲ್ಲು ಎರಡು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಸೊಟ್ಟಗಾಯಿತು. ಹಲ್ಲು ಹೊಸ ಜಾಗದಲ್ಲೇ ನಿಲ್ಲಲೆಂದು ಆಮೇಲೆ ಹಾಕುವ ರಿಟೇನರನ್ನು ನಾನು ಕ್ಲಿಪ್ ಬಿಚ್ಚಿದ ನಾಲ್ಕನೇ ತಿಂಗಳಿಗೇ ಬಿಟ್ಟಿದ್ದೆ.

ಹಲ್ಲು ದವಡೆ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ತಂತಿ ಎಳೆದಾಗ ಹಲ್ಲು ಒತ್ತುವ ಕಡೆ ಮೂಳೆ ಕರಗುತ್ತದೆ, ಬಿಟ್ಟು ಬಂದ ಕಡೆ ಹೊಸದು ಬೆಳೆಯುತ್ತದೆ. ಬೇರಿನ ಸುತ್ತಲ ನಾರು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮೂರ್ನಾಲ್ಕು ತಿಂಗಳು ಬೇಕು. ವಸಡಿನ ಅಂಚಿನ ನಾರಿಗೆ ಒಂದು ವರ್ಷವೂ ಸಾಲದು. ಅಲ್ಲಿಯವರೆಗೂ ಅದು ಹಲ್ಲನ್ನು ಹಳೆಯ ಜಾಗಕ್ಕೇ ಎಳೆಯುತ್ತಿರುತ್ತದೆ. ತಿರುಚಿಕೊಂಡಿದ್ದ ಹಲ್ಲಂತೂ ಎಲ್ಲಕ್ಕಿಂತ ಮೊದಲು ತಿರುಗುತ್ತದೆ. ನಾನು ಪರೀಕ್ಷೆಯ ಗಡಿಬಿಡಿಯಲ್ಲಿ ಮೂರು ವಾರ ಬಿಟ್ಟು ಮತ್ತೆ ಹಾಕಲು ಹೋದರೆ ರಿಟೇನರ್ ಬಿಗಿಯಾಗಿತ್ತು. ಬಿಗಿಯಾಯಿತೆಂದರೆ ಹಲ್ಲು ಜರುಗಿದೆ ಎಂದೇ ಅರ್ಥ. ಪೂರ್ತಿ ಕೂರುವಂತಿದ್ದರೆ ಆ ದಿನದಿಂದಲೇ ಮತ್ತೆ ಹಗಲೂ ರಾತ್ರಿ ಹಾಕಬೇಕು. ಕೂರದಿದ್ದರೆ ಒತ್ತಿ ತುರುಕದೆ ಅದೇ ವಾರ ಡಾಕ್ಟರಿಗೆ ತೋರಿಸಬೇಕು. ನಾನು ಡಬ್ಬಿಯಲ್ಲಿಟ್ಟು ಸುಮ್ಮನಾದೆ. ಬುದ್ಧಿಹಲ್ಲು ಬಂದು ತಳ್ಳಿತು ಎಂದು ಮನೆಯವರು ಸಮಾಧಾನ ಹೇಳಿದರು. ಕಾರಣ ಅದಲ್ಲ.

ಆದ್ದರಿಂದ ಕ್ಲಿಪ್ ಯಾವ ಬಗೆಯದು ಎಂಬುದು ನನ್ನ ಪ್ರಕಾರ ಎರಡನೇ ಮಾತು. ನನ್ನನ್ನು ಕೇಳಿದರೆ ಮೆಟಲ್ಲೇ ಹಾಕಿಸಿ. ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು, ಶಾಲೆಯಲ್ಲಿ ಊಟಕ್ಕೆ ತೆಗೆದು ಟಿಶ್ಯೂನಲ್ಲಿ ಸುತ್ತಿಟ್ಟ ಮಗು ಅದನ್ನು ಕಸದ ಬುಟ್ಟಿಗೆ ಹಾಕಿಯೇ ಬರುತ್ತದೆ. ಸೆರಾಮಿಕ್‌ಗೆ ಕಟ್ಟುವ ಬಿಳಿ ರಬ್ಬರ್ ನಮ್ಮ ಹುಳಿ, ಪಲ್ಯದ ಅರಿಶಿನಕ್ಕೆ ಎರಡೇ ದಿನದಲ್ಲಿ ಹಳದಿಯಾಗುತ್ತದೆ. ಹಾಕುವವರು ಹಲ್ಲು ಸಾಲು ಮಾಡುವ ವಿಭಾಗವಾದ ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದವರೇ ಆಗಿರಲಿ. ಹಲ್ಲು ಕೀಳುವ ಮೊದಲು ಒಪಿಜಿ (ಎಲ್ಲ ಹಲ್ಲೂ ದವಡೆಯೂ ಒಟ್ಟಿಗೆ ಕಾಣುವ ಎಕ್ಸ್‌ರೇ), ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇ ಎರಡನ್ನೂ ಮುಂದಿಟ್ಟುಕೊಂಡು ಏಕೆ ಕೀಳಬೇಕೆಂದು ವಿವರಿಸಲು ಹೇಳಿ.

ಪ್ರತಿ ಸಲ ತಂತಿ ಬಿಗಿ ಮಾಡಿದಾಗ ಮೂರ್ನಾಲ್ಕು ದಿನ ನೋವಿರುತ್ತದೆ. ಮೆತ್ತಗಿನ ಅನ್ನ, ಇಡ್ಲಿ ಕೊಡಿ. ಚಕ್ಕುಲಿ, ನಿಪ್ಪಟ್ಟು, ಕಬ್ಬು, ಚಿಕ್ಕಿ ಬೇಡವೇ ಬೇಡ. ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬಿಲ್ಲೆ, ಅಂದರೆ ಬ್ರಾಕೆಟ್, ಒಂದು ಕಿತ್ತು ಬಂದರೂ ಚಿಕಿತ್ಸೆ ವಾರಗಟ್ಟಲೆ ಹಿಂದೆ ಬೀಳುತ್ತದೆ. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಆ ಜಾಗ ಒರೆಸಿ ಒಣಗಿಸಿ, ಬಟಾಣಿಯಷ್ಟು ಡೆಂಟಲ್ ವ್ಯಾಕ್ಸ್ ಉಂಡೆ ಮಾಡಿ ಒತ್ತಿ. ತಂತಿಯ ಕೆಳಗೆ ಹೋಗುವ ಸಣ್ಣ ಬ್ರಷ್ ಬಳಸದಿದ್ದರೆ ಬ್ರಾಕೆಟ್ ಸುತ್ತ ಬಿಳಿ ಕಲೆ ಉಳಿಯುತ್ತದೆ, ಕ್ಲಿಪ್ ಬಿಚ್ಚಿದ ಮೇಲೂ ಅದು ಪೂರ್ತಿ ಹೋಗುವುದು ಅಪರೂಪ.

ದುಡ್ಡು ಕಟ್ಟುವ ಮೊದಲೇ ಕೇಳಿ: ರಿಟೇನರ್ ಈ ಮೊತ್ತದಲ್ಲಿ ಸೇರಿದೆಯೇ? ಕಳೆದರೆ ಹೊಸದಕ್ಕೆಷ್ಟು? ಬಿಚ್ಚಿದ ಮೇಲಿನ ತಪಾಸಣೆ ಎಷ್ಟು ಸಲ? ಡಾಕ್ಟರ್ ಬೇರೆ ಹೇಳದಿದ್ದರೆ ಮೊದಲ ಆರು ತಿಂಗಳು ಊಟ, ಬ್ರಷ್ ಬಿಟ್ಟು ಇಡೀ ದಿನ, ಆಮೇಲೆ ವರ್ಷಾನುಗಟ್ಟಲೆ ಪ್ರತಿ ರಾತ್ರಿ ಹಾಕಿಸಿ. ಬಿಸಿನೀರಲ್ಲಿ ತೊಳೆಯಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ರಿಟೇನರ್ ಆಗಿ ಹಲ್ಲಿನ ಹಿಂದೆ ತಂತಿ ಅಂಟಿಸಿದ್ದರೆ ಒಂದು ಹಲ್ಲಿನ ಅಂಟು ಬಿಟ್ಟದ್ದು ಗೊತ್ತೇ ಆಗುವುದಿಲ್ಲ. ವಾರಕ್ಕೊಮ್ಮೆ ನಾಲಿಗೆಯಿಂದ, ಉಗುರಿನಿಂದ ಮುಟ್ಟಿ ನೋಡಲು ಕಲಿಸಿ. ಕ್ಲಿಪ್ ಬಿಚ್ಚಿದ ದಿನವೇ ಎರಡು ಜೊತೆ ರಿಟೇನರ್ ಮಾಡಿಸಿ, ಹಲ್ಲಿನ ಅಚ್ಚನ್ನೂ ಕೇಳಿ ಮನೆಗೆ ತನ್ನಿ.