ಹೆಪಟೈಟಿಸ್ ಎ ಬಂದು ಎರಡೂವರೆ ತಿಂಗಳಾದರೂ ಹಳದಿ ಇಳಿದಿಲ್ಲ, ಮೈಯೆಲ್ಲ ತುರಿಕೆ. ತಮ್ಮನ ಲಿವರ್ ಹಾಳಾಯಿತಾ?

ನಿಮ್ಮ ತಮ್ಮನ ಎಸ್‌ಜಿಪಿಟಿ (ಲಿವರ್‌ಗೆ ಆದ ಪೆಟ್ಟನ್ನು ತೋರಿಸುವ ರಕ್ತದ ಟೆಸ್ಟ್) ಇಳಿದಿದೆ, ಆದರೆ ಮೈ ಹಳದಿ ಮಾಡುವ ಪಿತ್ತದ ಬಣ್ಣ ಬಿಲಿರುಬಿನ್ 14ರಲ್ಲೇ ನಿಂತಿದೆ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾನೆ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಅಂಗಾಲು ಜುಮ್ಮೆಂದಿತು. ಮೂರು ವರ್ಷದ ಹಿಂದೆ ನನಗೂ ಹೀಗೇ ಆಗಿತ್ತು. ನಾನು ಡಾಕ್ಟರ್ ಅಲ್ಲ. ಆದರೆ ನಾಲ್ಕು ತಿಂಗಳು ಈ ಕಾಯಿಲೆ ಜೊತೆ ಬದುಕಿದವಳು.

ನೀವು ಹೇಳಿದ್ದು ಕೊಲೆಸ್ಟಾಸಿಸ್ ಥರ ಕಾಣುತ್ತದೆ. ಅಂದರೆ ಪಿತ್ತರಸ ಹರಿಯದೆ ನಿಂತುಬಿಡುವುದು. ಹೆಪಟೈಟಿಸ್ ಎ ಬಂದ ನೂರು ಜನರಲ್ಲಿ ಐದಕ್ಕಿಂತ ಕಡಿಮೆ ಜನರಿಗೆ ಹೀಗಾಗುತ್ತದೆ. ಮೂರು ತಿಂಗಳು ದಾಟಿಯೂ ಎಳೆಯಬಹುದು. ಆದರೆ ಸಾಮಾನ್ಯವಾಗಿ ತಾನಾಗಿಯೇ ಪೂರ್ತಿ ವಾಸಿಯಾಗುತ್ತದೆ, ಲಿವರ್‌ನಲ್ಲಿ ಗುರುತೂ ಉಳಿಯುವುದಿಲ್ಲ. ಈ ಮಾತನ್ನು ನನಗೆ ಯಾರಾದರೂ ಎರಡನೇ ತಿಂಗಳಲ್ಲೇ ಹೇಳಿದ್ದರೆ ಎಷ್ಟೋ ರಾತ್ರಿಯ ಅಳು ತಪ್ಪುತ್ತಿತ್ತು.

ನಮ್ಮ ಮನೆ ವಿಜಯನಗರದಲ್ಲಿ. ಅದು ಏಪ್ರಿಲ್, ಮನೆಯ ಸಂಪ್ ತೊಟ್ಟಿಗೆ ಟ್ಯಾಂಕರ್ ನೀರು ಹಾಕಿಸುತ್ತಿದ್ದ ಕಾಲ. ನೀರಿನಿಂದ ಬಂತೋ, ಹೊರಗೆ ತಿಂದಿದ್ದರಿಂದಲೋ ಅಂತ ಮನೆಯವರೆಲ್ಲ ಚರ್ಚೆ ಮಾಡಿದರು. ಹೆಪಟೈಟಿಸ್ ಎ ವೈರಸ್ ಒಳಗೆ ಹೋಗಿ ಕಾಯಿಲೆ ಕಾಣಿಸಿಕೊಳ್ಳಲು ಸುಮಾರು 28 ದಿನ ಬೇಕು. ತಿಂಗಳ ಹಿಂದೆ ಎಲ್ಲಿ ಏನು ತಿಂದೆ ಅಂತ ಯಾರಿಗೆ ನೆನಪಿರುತ್ತದೆ? ಮೊದಲು ಜ್ವರ, ವಾಂತಿ, ಆಮೇಲೆ ಕಣ್ಣು ಹಳದಿ. ಮೂರನೇ ವಾರಕ್ಕೆ ಊಟ ಸೇರತೊಡಗಿತು, ಎಸ್‌ಜಿಪಿಟಿ ಸಾವಿರದಿಂದ ನೂರರ ಹತ್ತಿರ ಬಂತು. ಎಲ್ಲರೂ ಉಸಿರು ಬಿಟ್ಟೆವು. ಆದರೆ ಬಿಲಿರುಬಿನ್ ಮಾತ್ರ 9, 13, 19 ಅಂತ ಏರುತ್ತಲೇ ಹೋಯಿತು.

ಯಾಕೆ ಹೀಗೆ ಅಂತ ನನ್ನ ಡಾಕ್ಟರ್ ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಲಿವರ್‌ನ ಕೋಶಗಳು ಪಿತ್ತರಸ ತಯಾರಿಸಿ, ನಡುವೆ ಇರುವ ಕೂದಲಿಗಿಂತ ಸಣ್ಣ ಕಾಲುವೆಗಳಿಗೆ ತಳ್ಳುತ್ತವೆ. ಉರಿಯೂತ ಆದಾಗ ಆ ತಳ್ಳುವ ಕೆಲಸ ಕೆಡುತ್ತದೆ. ಹೊರಗಿನ ದೊಡ್ಡ ನಾಳ ಸರಿಯಾಗೇ ಇರುತ್ತದೆ, ಕಟ್ಟಿಕೊಂಡಿರುವುದು ಒಳಗೆ. ಕರುಳಿಗೆ ಹೋಗಬೇಕಾದ ಪಿತ್ತ ರಕ್ತಕ್ಕೆ ಸೇರುತ್ತದೆ. ಅದಕ್ಕೇ ಮೂತ್ರ ಡಿಕಾಕ್ಷನ್ ಥರ ಆಗುತ್ತದೆ, ಮೋಷನ್ ಗೋಡೆಗೆ ಹಚ್ಚುವ ಪುಟ್ಟಿಯ ಬಣ್ಣಕ್ಕೆ ತಿರುಗುತ್ತದೆ.

ಆದರೆ ದೊಡ್ಡ ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಇದೇ ಲಕ್ಷಣ ಬರುತ್ತದೆ. ಹಾಗಾಗಿ ಹೊಟ್ಟೆಯ ಅಲ್ಟ್ರಾಸೌಂಡ್ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ರಕ್ತದ ರಿಪೋರ್ಟಿನಲ್ಲಿ ಡೈರೆಕ್ಟ್ ಬಿಲಿರುಬಿನ್ (ಲಿವರ್ ಸಂಸ್ಕರಿಸಿದ ಪಾಲು) ಮತ್ತು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ನೋಡಿ, ಕೊಲೆಸ್ಟಾಸಿಸ್‌ನಲ್ಲಿ ಇವು ಜಾಸ್ತಿ ಇರುತ್ತವೆ. ರಕ್ತ ಹೆಪ್ಪುಗಟ್ಟುವುದು ಎಷ್ಟು ತಡ ಅಂತ ತೋರಿಸುವ ಐಎನ್‌ಆರ್ ಟೆಸ್ಟ್ ಬಿಡಲೇಬೇಡಿ. ನನ್ನದು 1.8 ಬಂದಾಗ ಅಪ್ಪನ ಮುಖ ಬಿಳಿಚಿಕೊಂಡಿತ್ತು. ಪಿತ್ತ ಇಲ್ಲದೆ ಕೊಬ್ಬು ಸರಿಯಾಗಿ ಜೀರ್ಣವಾಗುವುದಿಲ್ಲ, ಅದರ ಜೊತೆ ಮೈಗೆ ಸೇರಬೇಕಾದ ವಿಟಮಿನ್ ಕೆ ಕೂಡ ಸರಿಯಾಗಿ ಸೇರುವುದಿಲ್ಲ, ರಕ್ತ ಹೆಪ್ಪುಗಟ್ಟಲು ಅದು ಬೇಕೇ ಬೇಕು. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟ ಮೇಲೆ ಐಎನ್‌ಆರ್ ಇಳಿಯಿತು. ಲಿವರ್ ತನ್ನ ಕೆಲಸ ಮಾಡುತ್ತಿದೆ, ಬೇಕಾದ ಸಾಮಾನು ಸಿಕ್ಕಿರಲಿಲ್ಲ ಅಷ್ಟೇ ಅಂದರು ಡಾಕ್ಟರ್. ಇಂಜೆಕ್ಷನ್ ಆದಮೇಲೂ ಇಳಿಯದಿದ್ದರೆ ಅದು ಬೇರೆ ಮಾತು, ಆಗ ತಡಮಾಡಬಾರದು. ಇನ್ನೊಂದು, ಐಜಿಎಂ (ಈ ವೈರಸ್ ವಿರುದ್ಧ ಮೈಯಲ್ಲಿ ಮೊದಲು ಹುಟ್ಟುವ ಪ್ರತಿಕಾಯದ ಟೆಸ್ಟ್) ಇನ್ನೂ ಪಾಸಿಟಿವ್ ಅಂತ ಬಂದರೆ ಹೆದರಬೇಡಿ. ಆರು ತಿಂಗಳವರೆಗೂ ಹಾಗೇ ಇರಬಹುದು.

ಈಗ ತುರಿಕೆ. ಇದನ್ನು ಸಣ್ಣದು ಅಂತ ಯಾರೂ ತಳ್ಳಿಹಾಕಬಾರದು. ಮೈಮೇಲೆ ಗುಳ್ಳೆ ಇಲ್ಲ, ಗಂಧೆ ಇಲ್ಲ, ಆದರೂ ಚರ್ಮದೊಳಗಿಂದ ಕಡಿಯುತ್ತದೆ. ಅಂಗೈ, ಅಂಗಾಲಿನಲ್ಲಿ ಜಾಸ್ತಿ, ರಾತ್ರಿ ಇನ್ನೂ ಜಾಸ್ತಿ. ಎರಡು ಗಂಟೆಗೆ ಎದ್ದು ಹೊರಬಾಗಿಲ ತೆಂಗಿನ ನಾರಿನ ಮ್ಯಾಟಿಗೆ ಕಾಲು ತಿಕ್ಕುತ್ತಾ ನಿಲ್ಲುತ್ತಿದ್ದೆ. ಹೊದಿಕೆ ಮೇಲೆ ರಕ್ತದ ಚುಕ್ಕೆ ನೋಡಿ ಅಮ್ಮ ನನ್ನ ಉಗುರನ್ನೆಲ್ಲ ತಾವೇ ಕತ್ತರಿಸಿದರು. ಅಲರ್ಜಿ ಮಾತ್ರೆಯಿಂದ ಹೆಚ್ಚೇನೂ ಆಗಲಿಲ್ಲ, ಯಾಕೆಂದರೆ ಇದು ಅಲರ್ಜಿಯ ತುರಿಕೆಯೇ ಅಲ್ಲ. ಕೊಲೆಸ್ಟೈರಮಿನ್ ಅಂತ ಒಂದು ಪುಡಿ ಇದೆ, ಕರುಳಿನಲ್ಲಿ ಪಿತ್ತದ ಲವಣವನ್ನು ಹಿಡಿದು ಹೊರಗೆ ಹಾಕುತ್ತದೆ. ನನಗೆ ವಾರದಲ್ಲಿ ನಿದ್ದೆ ಬರತೊಡಗಿತು. ಬೇರೆ ಮಾತ್ರೆಗಳನ್ನೂ ಅದು ಹಿಡಿದುಕೊಳ್ಳುವುದರಿಂದ, ಅವನ್ನು ಒಂದು ಗಂಟೆ ಮುಂಚೆ ಅಥವಾ ನಾಲ್ಕರಿಂದ ಆರು ಗಂಟೆ ಬಿಟ್ಟು ತೆಗೆದುಕೊಳ್ಳಬೇಕು. ತಣ್ಣೀರಿನ ಒದ್ದೆ ಬಟ್ಟೆ ಸುತ್ತಿಕೊಂಡರೂ ಸ್ವಲ್ಪ ಹಾಯೆನಿಸುತ್ತದೆ. ಕೆಲವರಿಗೆ ಡಾಕ್ಟರ್ ಸ್ಟೀರಾಯ್ಡ್ ಕೊಡುತ್ತಾರೆ. ಅದು ಪೂರ್ತಿ ಅವರ ತೀರ್ಮಾನ, ನೀವಾಗಿ ಕೇಳಿ ಹಾಕಿಸಬೇಡಿ.

ಎರಡು ತಿಂಗಳಾದರೂ ಇಳಿಯದಿದ್ದಾಗ ನಮ್ಮ ದೊಡ್ಡಮ್ಮ ನಾಟಿ ಔಷಧಿಗೆ ಕರೆದರು, ಕೈಗೆ ಬರೆ ಹಾಕಿಸೋಣ ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೂ ನಾನು ಹೋಗಲಿಲ್ಲ, ನೀವೂ ಕಳಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಸೋತ ಲಿವರ್‌ಗೆ ಗೊತ್ತಿಲ್ಲದ ಕಷಾಯ ಇನ್ನೊಂದು ಹೊರೆ. ಅಮೃತಬಳ್ಳಿ ಕುಡಿದು ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಉಪ್ಪಿಲ್ಲದ, ಎಣ್ಣೆಯಿಲ್ಲದ ಪಥ್ಯವೂ ಬೇಡ. ನಾನು ಸುಮ್ನೆ ಗಂಜಿ ಕುಡಿದು ಹನ್ನೊಂದು ಕೆಜಿ ಇಳಿದೆ. ಅನ್ನ, ಬೇಳೆ, ಮೊಟ್ಟೆ, ಮೊಸರು, ಏನು ಸೇರುತ್ತದೋ ಅದನ್ನು ಸ್ವಲ್ಪ ಸ್ವಲ್ಪ, ಹಲವು ಸಲ ಕೊಡಿ. ಮದ್ಯ ಮಾತ್ರ ಬೇಡವೇ ಬೇಡ.

ತಮ್ಮ ಹಗಲೆಲ್ಲ ಮಲಗಿ ರಾತ್ರಿ ತೊದಲಿದರೆ, ಮಾತು ತಡವರಿಸಿದರೆ, ವಸಡಿನಲ್ಲಿ ರಕ್ತ ಬಂದರೆ, ಹೊಟ್ಟೆ ಊದಿಕೊಂಡರೆ ಅಥವಾ ನಡುಕದ ಜ್ವರ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಖರ್ಚಿನ ಚಿಂತೆಯಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಹೊಟ್ಟೆ, ಲಿವರ್ ಕಾಯಿಲೆಗಳಿಗೆ ಸರ್ಕಾರದ ಗ್ಯಾಸ್ಟ್ರೋಎಂಟ್ರಾಲಜಿ ಸಂಸ್ಥೆ ಇದೆ.

ಹಳದಿ ಇಳಿಯುವಾಗಲೂ ಕಣ್ಣನ್ನು ನೋಡಿ ಲೆಕ್ಕ ಹಾಕಬೇಡಿ. ಬಿಲಿರುಬಿನ್‌ನ ಒಂದು ಪಾಲು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ, ಅದು ವಾರಗಟ್ಟಲೆ ಹೋಗುವುದಿಲ್ಲ. ಮೊದಲು ತಿಳಿಯಾಗುವುದು ಮೂತ್ರ. ನನಗೆ ಹದಿನಾಲ್ಕನೇ ವಾರ, ಒಂದು ಬೆಳಿಗ್ಗೆ ಮೋಷನ್‌ಗೆ ಬಣ್ಣ ಬಂದಿತ್ತು. ಬಾತ್‌ರೂಮಿನಿಂದಲೇ ಅಮ್ಮನನ್ನು ಕೂಗಿದೆ. ಅವರು ಓಡಿ ಬಂದು ನೋಡಿ, ಅಲ್ಲೇ ಬಾಗಿಲಿಗೆ ಒರಗಿ ಅತ್ತುಬಿಟ್ಟರು. ನನ್ನ ಕಣ್ಣು ಬೆಳ್ಳಗಾಗಲು ಅಲ್ಲಿಂದ ಇನ್ನೂ ಐದು ವಾರ ಹಿಡಿಯಿತು.