ಮೊದಲು ಗೆರೆ ನೋಡಿ, ಆಮೇಲೆ ದೂರ ಅಳೆಯಿರಿ

ಓದುಗರ ಪತ್ರ: ನಮ್ಮ ನಗರದ ಕರಾವಳಿ ವಲಯ ನಿರ್ವಹಣಾ ಯೋಜನೆಯನ್ನು 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಗೆ ತಕ್ಕಂತೆ ಪರಿಷ್ಕರಿಸುತ್ತಿದ್ದಾರೆ. ಕರಡು ನಕ್ಷೆ ಆಕ್ಷೇಪಣೆಗೆ ಬಂದಿದೆ. ಕಡಲಂಚಿನಲ್ಲಿ ಕಟ್ಟಡಕ್ಕಿದ್ದ 200 ಮೀಟರಿನ ನಿಷೇಧ 50ಕ್ಕೆ ಇಳಿಯಿತಂತೆ. ಹಾಗಾದರೆ ಕಡಲಿನಿಂದ 80 ಮೀಟರ್ ದೂರದಲ್ಲಿರುವ ನಮ್ಮ ಜಾಗದಲ್ಲಿ ಮನೆ ಕಟ್ಟಬಹುದೇ? ಪಕ್ಕದ ಹೊಳೆಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಗತಿಯೇನು?

ಸಂಪಾದಕರ ಉತ್ತರ: 50 ಮೀಟರಿನ ಸುದ್ದಿ ಕರಾವಳಿಯಿಡೀ ಹಬ್ಬಿದೆ. ಆದರೆ ಅದು ನಗರಕ್ಕೆ ಸಂಬಂಧಿಸಿದ್ದಲ್ಲ, ಗ್ರಾಮೀಣ ಪ್ರದೇಶಕ್ಕೆ ಹೇಳಿದ್ದು. 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ (ವಲಯ 3ಎ) ನಿಷೇಧ 50 ಮೀಟರ್, ಅದೂ ಹೊಸ ಯೋಜನೆಗೆ ಮಂಜೂರಾತಿ ಸಿಕ್ಕ ಮೇಲೆ. ಉಳಿದ ಗ್ರಾಮೀಣ ಕರಾವಳಿಗೆ (3ಬಿ) 200 ಮೀಟರೇ ಗಟ್ಟಿ.

ನಿಮ್ಮ ಜಾಗ ವಲಯ 2ರಲ್ಲಿ, ಅಂದರೆ ಕಟ್ಟಡಗಳು ಬೆಳೆದಿರುವ ನಗರ ಪ್ರದೇಶದಲ್ಲಿ ಇದ್ದರೆ ಮೀಟರ್ ಲೆಕ್ಕಕ್ಕಿಂತ ರಸ್ತೆ ಮುಖ್ಯ. ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದಿಂದ ನೆಲದ ಕಡೆಗೆ ಮಾತ್ರ ಹೊಸ ಕಟ್ಟಡಕ್ಕೆ ಅವಕಾಶ. ಹಳೇ ರಸ್ತೆಯನ್ನು ದಾಟಿ ಕಡಲ ಕಡೆ ಹೊಸ ರಸ್ತೆ ಹಾಕಿ, ಅದರ ಹಿಂದಿನ ಜಾಗ ತೋರಿಸಿದರೆ ನಡೆಯುವುದಿಲ್ಲ. ದಲ್ಲಾಳಿಗಳು ಜಾಗ ಮಾರುವಾಗ ಮುಚ್ಚಿಡುವುದು ಹೆಚ್ಚಾಗಿ ಇದನ್ನೇ. ಪಂಚಾಯಿತಿ ನಗರಕ್ಕೆ ಸೇರಿದ ಮಾತ್ರಕ್ಕೆ ವಲಯ 2 ಆಗಿಬಿಡುವುದೂ ಇಲ್ಲ. ನಿವೇಶನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕಟ್ಟಡ ಎದ್ದಿರಬೇಕು. ರಸ್ತೆ, ನೀರು, ಚರಂಡಿ, ಒಳಚರಂಡಿಯ ಸೌಕರ್ಯವೂ ಇರಬೇಕು.

ಇನ್ನು ಆ 80 ಮೀಟರ್. ಎಲ್ಲಿಂದ ಅಳೆದಿರಿ? ಬೇಸಿಗೆಯಲ್ಲಿ ನೀರಿನಂಚಿನಿಂದ ಅಳೆದಿದ್ದರೆ ಲೆಕ್ಕ ಪೂರ್ತಿ ತಪ್ಪು. ಕಾನೂನು ಅಳೆಯುವುದು ಉಬ್ಬರ ರೇಖೆಯಿಂದ, ಅಂದರೆ ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಉಬ್ಬರದಲ್ಲಿ ನೀರು ನೆಲದ ಮೇಲೆ ಏರುವ ಕೊನೆಯ ಗಡಿಯಿಂದ. ಮಳೆಗಾಲದ ಅಲೆಗಳು ಮರಳನ್ನು ಎಳೆದೊಯ್ದು, ಮಳೆ ನಿಂತ ಮೇಲೆ ಮತ್ತೆ ತಂದು ಹಾಕುತ್ತವೆ. ಕಿನಾರೆಯ ಅಗಲ ನೋಡಿ ನಂಬುವಂತಿಲ್ಲ. ಆ ರೇಖೆಯನ್ನು ಗುರುತಿಸುವುದು ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ.

ನಕ್ಷೆಯ ಮಾಪಕವನ್ನೂ ಗಮನಿಸಿ. ಮುಖ್ಯ ನಕ್ಷೆ 1:25,000ರದ್ದು. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 25 ಮೀಟರ್. ಅರ್ಧ ಮಿ.ಮೀ. ದಪ್ಪದ ಗೆರೆಯೊಂದೇ ಹನ್ನೆರಡೂವರೆ ಮೀಟರ್ ನುಂಗುತ್ತದೆ, ಅಂದರೆ ಒಂದು ಮನೆಯ ಅಗಲ! ಹಾಗಾಗಿ ಈ ನಕ್ಷೆ ಹಿಡಿದು ಜಾಗ ಒಳಗೋ ಹೊರಗೋ ಎಂದು ವಾದಿಸಬೇಡಿ. ಸರ್ವೆ ನಂಬರ್ ಇರುವ, ಸುಮಾರು 1:4,000 ಮಾಪಕದ ಸ್ಥಳೀಯ ನಕ್ಷೆ ಕೇಳಿ ಪಡೆಯಿರಿ.

ಹೊಳೆಯ ಬದಿಗೆ ಲೆಕ್ಕ ಬೇರೆ. ಉಬ್ಬರದ ಪ್ರಭಾವವಿರುವ ಹೊಳೆಯ ದಡದಲ್ಲಿ ಸಿಆರ್‌ಝಡ್ ಅನ್ವಯಿಸುವುದು 50 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಕಡಿಮೆ ಇದ್ದಷ್ಟು ದೂರ. 2011ರ ಅಧಿಸೂಚನೆಯಲ್ಲಿ ಈ 50ರ ಜಾಗದಲ್ಲಿ 100 ಮೀಟರ್ ಇತ್ತು. ಆ ಪ್ರಭಾವ ಎಲ್ಲಿಯವರೆಗೆ ಎನ್ನುವುದನ್ನು ಉಪ್ಪಿನಂಶ ಹೇಳುತ್ತದೆ: ವರ್ಷದ ಅತಿ ಒಣ ಅವಧಿಯಲ್ಲಿ ಸಾವಿರ ಭಾಗಕ್ಕೆ 5 ಭಾಗ ಉಪ್ಪು ಸಿಗುವ ಜಾಗದವರೆಗೆ. ಅಳತೆ ಯಾವ ತಿಂಗಳಲ್ಲಿ ನಡೆಯಿತು, ಆಗ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿನ ಹಲಗೆ ಹಾಕಿತ್ತೇ ಎಂದು ಕೇಳಿ. ಮಳೆ ಬಿದ್ದ ಮೇಲೆ ಅಳೆದಿದ್ದರೆ ಗಡಿ ಕಡಲಿನತ್ತ ಸರಿದು, ಮೇಲಿನ ಹೊಳೆಬದಿ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಕಾಂಡ್ಲಾ ಇರುವ ಜಾಗ ವಲಯ 1ಎ, ಅಂದರೆ ಪರಿಸರ ಸೂಕ್ಷ್ಮ ಪ್ರದೇಶ. 1,000 ಚದರ ಮೀಟರ್, ಅಂದರೆ ಸುಮಾರು 25 ಸೆಂಟ್ಸ್ ಮೀರಿದ ಕಾಂಡ್ಲಾಕ್ಕೆ ಸುತ್ತ 50 ಮೀಟರ್ ರಕ್ಷಣಾ ಪಟ್ಟಿ ಬಿಡಬೇಕು. ಖಾಸಗಿ ಜಾಗದ ಕಾಂಡ್ಲಾಕ್ಕೆ ಈ ಪಟ್ಟಿ ಬೇಕಿಲ್ಲ ಎಂದು 2019ರ ನಿಯಮ ಬಿಟ್ಟುಕೊಟ್ಟಿದೆ. ನಮ್ಮ ಪ್ರಕಾರ ಅದರ ಅತಿ ದುರ್ಬಲ ಕೊಂಡಿ ಇದೇ. ಬೇರಿಗೆ ಪಹಣಿ ಓದಲು ಬರುವುದಿಲ್ಲ. ಆದ್ದರಿಂದ ಜಾಗ ಸರ್ಕಾರಿಯೋ ಖಾಸಗಿಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ವಲಯ 2 ಮತ್ತು 3ರಲ್ಲಿ ಸ್ವಂತ ವಾಸದ, 300 ಚದರ ಮೀಟರ್ ಮೀರದ ಮನೆಗೆ ಸ್ಥಳೀಯ ಸಂಸ್ಥೆಯೇ ಸಿಆರ್‌ಝಡ್ ನಿಯಮ ಪರಿಶೀಲಿಸಿ ಅನುಮತಿ ಕೊಡಬಹುದು. ಕಡಲ್ಕೊರೆತ, ಪ್ರವಾಹದ ಅಪಾಯ ಎಲ್ಲಿಯವರೆಗೆ ಎಂದು ನಕ್ಷೆಯಲ್ಲಿ ತೋರಿಸುವ ‘ಅಪಾಯ ರೇಖೆ’ಯನ್ನು 2019ರ ನಿಯಮ ವಿಪತ್ತು ನಿರ್ವಹಣೆಗಷ್ಟೇ ಬಳಸುತ್ತದೆ, ಅನುಮತಿಗೆ ಅಡ್ಡ ಬರುವುದಿಲ್ಲ. ಆದರೂ ಅದರಿಂದ ಕಡಲ ಕಡೆಗೆ ಮನೆ ಕಟ್ಟಬೇಡಿ ಎಂಬುದು ನಮ್ಮ ಸಲಹೆ.

ಆಕ್ಷೇಪಣೆಯಲ್ಲಿ ‘ಪರಿಸರ ಹಾಳಾಗುತ್ತದೆ’ ಎಂದಷ್ಟೇ ಬರೆದರೆ ಅದು ಕಡತದಲ್ಲೇ ಉಳಿಯುತ್ತದೆ. ನಕ್ಷೆಯ ಹಾಳೆ ಸಂಖ್ಯೆ, ಸರ್ವೆ ನಂಬರ್, ತಪ್ಪಿರುವ ಗೆರೆ ಯಾವುದು, ಅದು ಎಲ್ಲಿರಬೇಕಿತ್ತು, ಇಷ್ಟನ್ನು ಬರೆಯಿರಿ. ಜಿಪಿಎಸ್ ಗುರುತಿರುವ ಫೋಟೊಗಳನ್ನು ದೊಡ್ಡ ಉಬ್ಬರದ ದಿನವೇ ತೆಗೆದು ಲಗತ್ತಿಸಿ. ಗಡುವಿನೊಳಗೆ ಕೊಟ್ಟು ಸ್ವೀಕೃತಿ ಪಡೆದು, ಜಿಲ್ಲಾಮಟ್ಟದ ಸಾರ್ವಜನಿಕ ಅಹವಾಲು ಸಭೆಯಲ್ಲಿ ಅದನ್ನೇ ಓದಿ ನಡಾವಳಿಯಲ್ಲಿ ದಾಖಲಿಸುವಂತೆ ಕೇಳಿ.